ಅಜ್ಜನ ದೀಪ, ಮದೀನಾದ ಬಯಲು

ಬಜ್ಪೆ

ಮಕ್ಕಾದ ಉಮ್ರಾ ಯಾತ್ರೆ ಮುಗಿಸಿ ಬಂದವರ ಹತ್ತಿರ ಊರಿನವರು ಕೇಳುವುದು ಎರಡೇ. ಝಂಝಂ ನೀರು ತಂದಿರಾ, ಖರ್ಜೂರ ಒಳ್ಳೆಯದು ಸಿಕ್ಕಿತಾ. ಎರಡನ್ನೂ ತಂದು ಬಂಟ್ವಾಳದಲ್ಲಿ ನಮ್ಮ ಬೀದಿಗೂ ಶಾಲೆಯ ಸ್ಟಾಫ್ ರೂಮಿಗೂ ಹಂಚಿ ಮುಗಿಸಿದ್ದೇನೆ. "ಪ್ರವಾಸ ಹೇಗಿತ್ತು ಟೀಚರ್?" ಎಂದವರಿಗೆಲ್ಲ "ಚೆನ್ನಾಗಿತ್ತು" ಎಂದೇ ಹೇಳಿದೆ. ಅದು ಸುಳ್ಳಲ್ಲ. ಆದರೆ ಅಲ್ಲಿ ನನಗೆ ಬಡಿದ ಆಘಾತದಿಂದ ಇನ್ನೂ ಸುಧಾರಿಸಿಕೊಂಡಿಲ್ಲ ಎನ್ನುವುದೂ ಸುಳ್ಳಲ್ಲ. ಮಕ್ಕಳಿಗೆ ಪ್ರಬಂಧ ಬರೆಸುವ ಕೆಲಸ ನನ್ನದು. ಹಾಗಾಗಿ ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ನೋಡುವ ಎಂದು ಕೂತಿದ್ದೇನೆ.

ಹೋದದ್ದು ನಾನು ಮತ್ತು ನನ್ನ ಉಮ್ಮ, ಅಂದರೆ ತಾಯಿ. ಉಮ್ಮನ ಮನೆ ವಿಟ್ಲದಾಚೆ ಕನ್ಯಾನದಲ್ಲಿ. ಅಲ್ಲಿಂದ ಸ್ವಲ್ಪ ನಡೆದರೆ ಕೇರಳ. ತಮ್ಮ ರಜಾಕ್ ಜಿದ್ದಾದಲ್ಲಿ ಒಂದು ಕಂಪೆನಿಯ ಉಗ್ರಾಣ ನೋಡಿಕೊಳ್ಳುತ್ತಾನೆ. ಅವನ ಹೆಂಡತಿ ಮಕ್ಕಳು ಉಳ್ಳಾಲದಲ್ಲಿ. "ಉಮ್ಮನಿಗೆ ಮಂಡಿ ಹಿಡಿಯುವ ಮೊದಲು ಮಕ್ಕಾ ತೋರಿಸಬೇಕು, ಅಕ್ಕ, ನೀನೂ ಬಾ" ಎಂದು ಹಟ ಹಿಡಿದು ವೀಸಾ ಮಾಡಿಸಿ ಕಳಿಸಿದ. ನಾವು ಮನೆಯಲ್ಲಿ ಆಡುವುದು ಬ್ಯಾರಿ ಮಾತು. ಇಲ್ಲಿ ಎಲ್ಲರ ಬಾಯಿಗೂ ನನ್ನ ಕನ್ನಡವನ್ನೇ ಹಾಕಿದ್ದೇನೆ.

ಯಾತ್ರೆಗೆ ಹೊರಡುವವರು ನೆಂಟರಿಷ್ಟರು, ನೆರೆಹೊರೆಯವರ ಮನೆಮನೆಗೆ ಹೋಗಿ "ನನ್ನಿಂದ ತಪ್ಪಾಗಿದ್ದರೆ ಮನ್ನಿಸಿಬಿಡಿ" ಎಂದು ಕೇಳಿಕೊಂಡು ಬರುವುದು ನಮ್ಮಲ್ಲಿ ರೂಢಿ. ಉಮ್ಮ ಅದನ್ನು ಒಂದು ಮನೆಯೂ ಬಿಡದ ಹಾಗೆ ಮಾಡಿದಳು. ಹಲಸಿನ ಮರವೊಂದರ ಬಗ್ಗೆ ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ಕೆಳಗಿನ ಮನೆಯ ಮುದುಕಿಯ ಹತ್ತಿರವೂ ಹೋದಳು. ಮುದುಕಿ ಉಮ್ಮನನ್ನು ತಬ್ಬಿಕೊಂಡು ಅತ್ತು, "ಎಲ್ಲ ಮನ್ನಿಸಿದ್ದೇನೆ ಐಸಮ್ಮ, ಆದರೆ ಮರ ನಮ್ಮದೇ" ಎಂದಳಂತೆ.

ಹೊರಡುವ ದಿನ ಕೊನೆಯದಾಗಿ ಉಮ್ಮ ಮನೆಯ ಹಿಂದಿನ ಅಜ್ಜನ ಗೋರಿಗೆ ಹೋದಳು. ಅದರ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಉಮ್ಮನ ಅಜ್ಜ. ಹಾವು ಕಚ್ಚಿದವರಿಗೆ, ಜ್ವರ ಬಿಡದ ಮಕ್ಕಳಿಗೆ ನೀರು ಓದಿ ಊದಿ ಕೊಡುತ್ತಿದ್ದವರು. ತೀರಿಕೊಂಡ ಮೇಲೆ ಗೋರಿಗೆ ಒಂದು ಕಟ್ಟೆ, ಮೇಲೊಂದು ಹಂಚಿನ ಮಾಡು ಎದ್ದಿತು. ಗುರುವಾರ ಸಂಜೆ ಅಲ್ಲಿ ದೀಪ ಹಚ್ಚುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಅಜ್ಜಿ ಹಚ್ಚಿದಳು, ಆಮೇಲೆ ಉಮ್ಮ. ಉಮ್ಮನ ನಂತರ ನಾನು ಎಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ವರ್ಷಕ್ಕೊಮ್ಮೆ ನೇರ್ಚೆ, ಅಂದರೆ ಹರಕೆಯ ಊಟ. ತುಪ್ಪದ ಅನ್ನ, ಮಾಂಸದ ಸಾರು, ಸಂತರ ಗುಣಗಾನದ ಬೈತ್. ಜಾತಿ ನೋಡದೆ ಊರಿನವರೆಲ್ಲ ಹರಕೆ ಹೇಳಿಕೊಳ್ಳುತ್ತಿದ್ದರು. ಹರಕೆಗೆ ಬಂದ ಎಣ್ಣೆ ದೀಪಕ್ಕೆ ಹಾಕಿ ಮಿಕ್ಕರೆ ಮನೆಯ ಒಗ್ಗರಣೆಗೆ, ಅಕ್ಕಿ ಮನೆಯ ಮಡಕೆಗೆ, ಕೋಳಿ ಮನೆಯ ಸಾರಿಗೆ. ಎಲ್ಲ ಹೀಗೇ ನಡೆದುಕೊಂಡು ಬಂದಿತ್ತು.

ರಜಾಕ್ ಜಿದ್ದಾಕ್ಕೆ ಹೋಗಿ ಕೆಲವು ವರ್ಷಗಳಲ್ಲಿ ಬೇರೆ ಮನುಷ್ಯನಾಗಿ ಬಂದ. ಗೋರಿಗೆ ದೀಪ ಹಚ್ಚುವುದು, ಸತ್ತವರ ಹತ್ತಿರ ಬೇಡುವುದು ಮಹಾಪಾಪ ಎಂದ. ಅಷ್ಟಕ್ಕೇ ನಿಂತಿದ್ದರೆ ನಾವು ವಾದ ಮಾಡಿಕೊಂಡು ಹೇಗೋ ಇರುತ್ತಿದ್ದೆವು. ಆದರೆ ದೇವರಲ್ಲದವರಿಗೆ ಹರಕೆ ಬಿಟ್ಟದ್ದು ತನಗೆ ಹರಾಮು, ಅದು ಸೇರಿದ ಅಡುಗೆಯನ್ನು ತಾನು ಮುಟ್ಟುವುದಿಲ್ಲ ಎಂದುಬಿಟ್ಟ. ಆಮೇಲೆ ರಜೆಯಲ್ಲಿ ಬಂದರೆ ಉಳಿಯುವುದು ಉಳ್ಳಾಲದಲ್ಲಿ. ಕನ್ಯಾನಕ್ಕೆ ಹಗಲು ಬಂದು ಉಮ್ಮನ ಕೈ ಹಿಡಿದು ಕೂತು, ತಾನೇ ತಂದ ಬಿಸ್ಕತ್ತು ತಿಂದು, ಬಾವಿಯ ನೀರು ಕುಡಿದು ಹೋಗುತ್ತಿದ್ದ. ಒಂದು ಕಾಲದಲ್ಲಿ ನೇರ್ಚೆಯ ದಿನ ಎಲ್ಲರಿಗಿಂತ ಗಟ್ಟಿಯಾಗಿ ಬೈತ್ ಹಾಡುತ್ತಿದ್ದವನು ಅವನೇ. ಹೆತ್ತ ತಾಯಿಯ ಮನೆಯಲ್ಲಿ ಬಿಸ್ಕತ್ತು ತಿನ್ನುವ ಮಗನನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ಉಮ್ಮ ಮಾತ್ರ ಅವನ ಲೋಟಕ್ಕೆ ಮತ್ತೆ ಬಾವಿಯ ನೀರು ತುಂಬುತ್ತಿದ್ದಳು.

ಹೊರಡುವ ಆ ದಿನ ಗೋರಿಯ ಹತ್ತಿರ ಉಮ್ಮ ಬಹಳ ಹೊತ್ತು ನಿಂತಳು. ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. ನನ್ನ ಗಂಡ ಇಬ್ರಾಹಿಂ "ಅಜ್ಜನ ಹತ್ತಿರವೂ ಮರದ ವಿಷಯ ಮಾತಾಡ್ತಿದ್ದಾರಾ?" ಎಂದು ತಮಾಷೆ ಮಾಡಿದರು. ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಸಾಮಾನು ಇಳಿಸುವಾಗ ನನಗೊಂದು ಸಂಗತಿ ಹೊಳೆಯಿತು. ಯಾವ ದರ್ಗಾಕ್ಕೆ ಹೋದರೂ ಉಮ್ಮನ ಚೀಲದಲ್ಲಿ ಹಸಿರು ಬಟ್ಟೆ, ಊದುಬತ್ತಿ, ಪನ್ನೀರಿನ ಬಾಟಲಿ ಇರುತ್ತದೆ. ಈ ಸಲ ಒಂದೂ ಇರಲಿಲ್ಲ.

"ಮದೀನಾಕ್ಕೆ ಹಸಿರು ಬಟ್ಟೆ ಬೇಡವಾ ಉಮ್ಮ?"

"ಅಲ್ಲಿ ಬಿಡುವುದಿಲ್ಲವಂತೆ" ಎಂದಳು. ವಿಮಾನದ ಭಯಕ್ಕೆ ಮರೆತಿರಬೇಕು ಎಂದುಕೊಂಡೆ.

ಮುಂಬೈಯಲ್ಲಿ ಸಾಲಿನಲ್ಲಿ ನಿಂತಾಗ ನಮ್ಮ ಹಿಂದಿದ್ದ ಕಾಸರಗೋಡಿನ ಒಬ್ಬರು ಮಾತಿಗೆ ಮಾತು ಬಂದು, ಪಾಯಸಕ್ಕೆ ಎಂದು ಉಮ್ಮ ತಂದಿದ್ದ ಗಸಗಸೆಯ ಸುದ್ದಿ ಕೇಳಿ ಬೆಚ್ಚಿಬಿದ್ದರು. "ಅದನ್ನು ಈಗಲೇ ಬಿಸಾಡಿ ಟೀಚರ್. ಅಲ್ಲಿ ಗಸಗಸೆ ಅಂದರೆ ಅಫೀಮಿನ ಲೆಕ್ಕ. ಸೀದಾ ಜೈಲು." ಉಮ್ಮ ಪೊಟ್ಟಣವನ್ನು ಕಸದ ಡಬ್ಬಿಗೆ ಹಾಕಿ, "ಪಾಯಸಕ್ಕೆ ಹಾಕುವುದಕ್ಕೆ ಜೈಲಾ?" ಎಂದು ಡಬ್ಬಿಯನ್ನೇ ನೋಡುತ್ತ ನಿಂತಳು.

ಜಿದ್ದಾ

ಜಿದ್ದಾದ ಕಸ್ಟಮ್ಸ್ ಅಧಿಕಾರಿಗೆ ನಮ್ಮ ಒಣಮೀನಿನ ಕಟ್ಟು ಸಿಕ್ಕಿತು. ಬಿಚ್ಚಿ ಮೂಸಿ, ಮುಖ ಹಿಂದಕ್ಕೆ ಎಳೆದು, ಪಕ್ಕದವನನ್ನು ಕರೆದು ಮೂಸಿಸಿದ. ಇಬ್ಬರೂ ಅರಬಿಯಲ್ಲಿ ಏನೋ ಚರ್ಚಿಸಿದರು. ಉಮ್ಮ ಅದು ತಿನ್ನುವ ವಸ್ತು ಎಂದು ತೋರಿಸಲು ಬಾಯಿಗೆ ಕೈ ಇಟ್ಟು ಅಭಿನಯಿಸಿದಳು. ಅವರಿಗೆ ನಂಬಿಕೆ ಬಂತೋ, ಕನಿಕರ ಬಂತೋ ಗೊತ್ತಿಲ್ಲ. ಕೈಬೀಸಿ ಹೋಗಲು ಹೇಳಿದರು.

ಹೊರಗೆ ರಜಾಕ್ ನಿಂತಿದ್ದ. ಗಡ್ಡ ಎದೆಯವರೆಗೆ ಬಂದಿತ್ತು, ಪ್ಯಾಂಟು ಹಿಮ್ಮಡಿಗಿಂತ ಮೇಲೆ ಹೋಗಿತ್ತು. ಉಮ್ಮನನ್ನು ನೋಡಿದ್ದೇ ಚಿಕ್ಕ ಮಗುವಿನ ಹಾಗೆ ಅತ್ತ. ಆ ಗಡ್ಡದ ನಡುವೆ ಆ ಅಳು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು.

ಅವನ ಮನೆ ಒಂದು ದೊಡ್ಡ ಕಟ್ಟಡದ ಮೂರನೆಯ ಮಾಳಿಗೆ. ಕಿಟಕಿ ತೆರೆದರೆ ಒಲೆಯ ಬಾಯಿ ತೆರೆದ ಹಾಗೆ ಬಿಸಿ ಬರುತ್ತದೆ, ಮುಚ್ಚಿದರೆ ಏಸಿಯ ಗುಡುಗು. ಉಮ್ಮ ಕಿಟಕಿಯಲ್ಲಿ ಇಣುಕಿ "ಇಷ್ಟು ದೊಡ್ಡ ಊರಿಗೆ ಒಂದು ಹೊಳೆ ಇಲ್ವಾ?" ಎಂದಳು. ಇಲ್ಲ ಎಂದದ್ದಕ್ಕೆ "ಮತ್ತೆ ಜನ ಬಟ್ಟೆ ಎಲ್ಲಿ ಒಗೆಯುವುದು?" ಎಂದು ಚಿಂತೆಗೆ ಬಿದ್ದಳು. ಮಳೆಗಾಲದಲ್ಲಿ ನೇತ್ರಾವತಿ ಬಂಟ್ವಾಳದ ಪೇಟೆಗೇ ನುಗ್ಗಿ ಬರುವುದನ್ನು ನೋಡಿದ ನಮಗೆ, ನೀರಿಲ್ಲದ ಊರು ಅರ್ಧ ಕಟ್ಟಿ ಬಿಟ್ಟ ಊರಿನ ಹಾಗೆ ಕಾಣುತ್ತದೆ.

ಮೊದಲ ದಿನವೇ ಉಮ್ಮ ಅಡುಗೆಗೆ ನಿಂತಳು. ಕುಚ್ಚಲಕ್ಕಿ ಊರಿನಿಂದ ತಂದದ್ದು. ರಜಾಕ್ ಬಾಗಿಲಲ್ಲಿ ನಿಂತು, ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ನೋಡಿ, ಕೊನೆಗೆ ಕೇಳಿಯೇಬಿಟ್ಟ.

"ಉಮ್ಮ, ಈ ಅಕ್ಕಿ…"

"ವಿಟ್ಲದ ಅಂಗಡಿಯದ್ದು. ಎಣ್ಣೆಯೂ ಅಂಗಡಿಯದ್ದೇ. ಹರಕೆಯದ್ದು ಒಂದು ಕಾಳೂ ಇಲ್ಲ."

ನಾನು ತೊಳೆಯುತ್ತಿದ್ದ ಪಾತ್ರೆಯನ್ನು ಜೋರಾಗಿಯೇ ಕುಕ್ಕಿದೆ. ತಾಯಿಯ ಅಕ್ಕಿಗೆ ವಿಚಾರಣೆ ಮಾಡುವ ಮಗ, ಅದಕ್ಕೆ ಸಾಕ್ಷಿ ಹೇಳುವ ತಾಯಿ. ಆದರೆ ಅವನು ಉಣ್ಣಲು ಕೂತದ್ದನ್ನು ನೋಡಬೇಕಿತ್ತು. ಒಣಮೀನಿನ ಚಟ್ನಿಗೆ, ಬಸಳೆಯ ಸಾರಿಗೆ ಮೂರು ಸಲ ಅನ್ನ ಹಾಕಿಸಿಕೊಂಡ. ಉಮ್ಮ ತನ್ನ ಬಟ್ಟಲು ಮುಟ್ಟದೆ ಅವನ ಕೈಯನ್ನೇ ನೋಡುತ್ತ ಕೂತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಸಂಜೆ ಬಟ್ಟೆಯಂಗಡಿಯಲ್ಲಿ ಸಿಕ್ಕಿಹಾಕಿಕೊಂಡೆವು. ಬಾಂಗ್ ಆದದ್ದೇ ಅಂಗಡಿಯವನು ಶಟರು ಎಳೆದ. ನಾವು ಒಳಗೆ, ಅವನು ಮಸೀದಿಗೆ. ಎದುರಿನ ಚಿನ್ನದ ಅಂಗಡಿಯವನು ಶಟರೂ ಎಳೆಯದೆ ಬಾಗಿಲಿಗೆ ಒಂದು ಬಟ್ಟೆ ಕಟ್ಟಿ ಹೋಗಿದ್ದ. ಶಟರಿನ ಸಂದಿಯಿಂದ ಅದನ್ನು ನೋಡಿ ಉಮ್ಮ ಬೆರಗಾದಳು. ನಮ್ಮಲ್ಲಿ ಬಾಳೆಗೊನೆಯನ್ನೂ ಹೀಗೆ ಬಿಟ್ಟು ಹೋಗುವ ಹಾಗಿಲ್ಲ.

ಮಕ್ಕಾ

ಕಾಬಾ ಕಣ್ಣಿಗೆ ಬಿದ್ದ ಕ್ಷಣದ ಬಗ್ಗೆ ಬರೆಯಲು ನನ್ನಿಂದಾಗದು. ಹೋದವರಿಗೆ ಗೊತ್ತು, ಹೋಗದವರಿಗೆ ನಾನು ಹೇಳಿದರೆ ಸಾಲದು. ಸುತ್ತಮುತ್ತಲಿನದನ್ನಷ್ಟೇ ಹೇಳುತ್ತೇನೆ.

ಉಮ್ಮನ ಮಂಡಿ ಮೊದಲ ಸುತ್ತಿನಲ್ಲೇ ಕೈಕೊಟ್ಟಿತು. ರಜಾಕ್ ಗಾಲಿಕುರ್ಚಿ ತಂದ. ಕುರ್ಚಿ ದೂಡುವುದಕ್ಕೆ ಅಲ್ಲಿ ಜನ ಸಿಗುತ್ತಾರೆ, ಇವನು ಒಪ್ಪಲಿಲ್ಲ. ಏಳು ಸುತ್ತು, ಆಮೇಲೆ ಸಫಾ ಮರ್ವಾ ಗುಡ್ಡಗಳ ನಡುವಿನ ಓಡಾಟ, ಎಲ್ಲ ತಾನೇ ದೂಡಿದ. ಗುಂಪು ನೂಕಿದಾಗ ಉಮ್ಮನ ಕಾಲಿಗೆ ತಾಗಬಾರದೆಂದು ತನ್ನ ಕಾಲು ಅಡ್ಡ ಇಡುತ್ತಿದ್ದ. ಆಮೇಲೆ ನೋಡಿದರೆ ಅವನ ಕಣಕಾಲಿನ ಚರ್ಮ ಸುಲಿದು ರಕ್ತ ಒಣಗಿತ್ತು. ಇಂಥ ಮಗ ಅವಳ ಮನೆಯ ಅನ್ನ ಹೇಗೆ ಒಲ್ಲೆ ಎನ್ನುತ್ತಾನೆ ಎನ್ನುವುದು ನನಗೆ ಅಲ್ಲಿ ಇನ್ನೂ ಕಗ್ಗಂಟಾಯಿತು.

ನಾನು ಅದನ್ನೇ ಕೇಳಿದೆ. ಮೆಟ್ಟಿಲಲ್ಲಿ ಕೂತು ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದವನು ತಲೆ ಎತ್ತಲಿಲ್ಲ.

"ಅಕ್ಕ, ನಾಳೆ ಪರಲೋಕದಲ್ಲಿ ಉಮ್ಮನನ್ನು ಒಂದು ಕಡೆ, ನನ್ನನ್ನು ಒಂದು ಕಡೆ ನಿಲ್ಲಿಸಿದರೆ ನಾನು ಏನು ಮಾಡುವುದು? ನನಗೆ ಅದೇ ಹೆದರಿಕೆ. ನೀನು ಅಹಂಕಾರ ಅಂತೀಯಾ."

ಅವನ ದನಿಯಲ್ಲಿ ನಾಟಕ ಇರಲಿಲ್ಲ. ನಾನು "ಗಡ್ಡಕ್ಕೆ ನೀರು ಬೀಳ್ತಾ ಉಂಟು, ನೋಡು" ಎಂದೆ.

ಎರಡನೆಯ ದಿನ ಉಮ್ಮ ಕಳೆದುಹೋದಳು. ಇಂಡೋನೇಷ್ಯಾದ ಹೆಂಗಸರು ಒಂದೇ ಬಣ್ಣದ ಪಟ್ಟಿ ಕಟ್ಟಿಕೊಂಡು ಒಬ್ಬರ ಬೆನ್ನು ಒಬ್ಬರು ಹಿಡಿದು ರೈಲಿನ ಹಾಗೆ ಹೋಗುತ್ತಾರೆ. ಉಮ್ಮ ಹೇಗೋ ಆ ರೈಲಿನ ನಡುವಿನ ಡಬ್ಬಿಯಾಗಿದ್ದಳು. ನಾನೂ ರಜಾಕನೂ ಹುಚ್ಚರ ಹಾಗೆ ಹುಡುಕಿ ಬೇಸತ್ತು ನೋಡಿದರೆ, ಕಂಬವೊಂದರ ಬುಡದಲ್ಲಿ ಅವರ ನಡುವೆ ಕೂತು ಅವರದ್ದೇ ಪೊಟ್ಟಣದಿಂದ ಏನೋ ತಿನ್ನುತ್ತಿದ್ದಾಳೆ. ತನ್ನ ಬೆಳ್ಳಿಯ ಕಾಲುಂಗುರ ತೋರಿಸಿ ಕನ್ಯಾನದ ಕಥೆ ಹೇಳುತ್ತಿದ್ದಳು. ಅವರು ಅವರ ಭಾಷೆಯಲ್ಲಿ ಉತ್ತರಿಸುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಎಲ್ಲರೂ ನಗುತ್ತಿದ್ದರು.

"ಹೆದರಿಕೆ ಆಗಲಿಲ್ವಾ ಉಮ್ಮ?" ಎಂದರೆ "ಯಾಕೆ? ಎಲ್ಲರೂ ಒಂದೇ ಕಡೆ ಸುತ್ತುವುದಲ್ವಾ, ಎಲ್ಲಿ ಹೋಗ್ತೇನೆ" ಎಂದಳು. ಆಗ ನಗು ಬಂತು. ಉಮ್ಮನನ್ನು ಅಷ್ಟು ಹಗುರಾಗಿ ನಾನು ಕಂಡದ್ದು ಅದೇ ಕೊನೆ.

ಮದೀನಾ

ಮದೀನಾ ಮೆತ್ತನೆಯ ಊರು. ಜನರ ಮಾತೂ ಮೆತ್ತಗೆ. ಸಂಜೆಯಾದರೆ ಮಸೀದಿಯ ಅಂಗಳದಲ್ಲಿ ಉದ್ದಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ದಾರಿಹೋಕರನ್ನು ಕೈಹಿಡಿದು ಕೂರಿಸಿ ಖರ್ಜೂರ ಕೊಡುತ್ತಾರೆ. ನೀವು ಯಾರ ಮನೆಯವರು, ಯಾವ ಊರಿನವರು ಎಂದು ಯಾರೂ ಕೇಳುವುದಿಲ್ಲ. ನಮ್ಮ ಕಡೆ ಒಂದು ಲೋಟ ಮಜ್ಜಿಗೆ ಸಿಗಬೇಕಾದರೂ ಮೊದಲು ಅಜ್ಜನ ಹೆಸರು ಹೇಳಬೇಕು. ಪ್ರವಾದಿಯವರ ಸಮಾಧಿಯ ಕಡೆ ಹೆಂಗಸರನ್ನು ಬಿಡುವಾಗ ಕಪ್ಪು ಬಟ್ಟೆಯ ಕಾವಲಿನ ಹೆಂಗಸರು ದೇಶ ದೇಶ ಬೇರೆ ಮಾಡಿ ಕೂರಿಸುತ್ತಾರೆ. "ಹಿಂದಿ, ಹಿಂದಿ" ಎಂದು, ಅಂದರೆ ಭಾರತದವರು ಎಂದು, ನಮ್ಮನ್ನು ಒಂದು ಮೂಲೆಗೆ ತಳ್ಳಿದರು. ನಾಲ್ಕನೆಯ ತರಗತಿಯ ಮಕ್ಕಳನ್ನು ನಾನು ಸಾಲು ಮಾಡುವ ಕ್ರಮವೂ ಅದೇ ಆದ್ದರಿಂದ ಬೇಸರವಾಗಲಿಲ್ಲ.

ಮಾರನೆಯ ಬೆಳಗ್ಗೆ ಜನ್ನತುಲ್ ಬಕೀಗೆ ಹೋದೆವು. ಪ್ರವಾದಿಯವರ ಮನೆಯವರು, ಸಂಗಾತಿಗಳು ಮಲಗಿರುವ ಸ್ಮಶಾನ. ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ, ಹೊರಗೆ ಕಂಬಿಯ ಹತ್ತಿರ ನಿಂತು ನೋಡಬೇಕು. ನಾನು ಹೆಸರುಗಳನ್ನು ಚಿಕ್ಕಂದಿನಿಂದ ಕೇಳಿ ಬೆಳೆದವಳು. ಆ ಹೆಸರುಗಳಿಗೆ ತಕ್ಕ ಗುಮ್ಮಟಗಳನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಕಂಬಿಯಾಚೆ ಕಂಡದ್ದು ಬಯಲು. ಮಣ್ಣು, ಮಣ್ಣಿನಲ್ಲಿ ಅಲ್ಲಲ್ಲಿ ನೆಟ್ಟ ಗುಂಡುಕಲ್ಲು, ಪಾರಿವಾಳಗಳು. ಒಂದು ಹೆಸರಿಲ್ಲ, ಒಂದು ದೀಪವಿಲ್ಲ. ಒಂದು ಕಾಲದಲ್ಲಿ ಇದ್ದ ಗುಮ್ಮಟಗಳನ್ನು ಅಲ್ಲಿನ ಅರಸರೇ ಒಡೆಸಿದ್ದಂತೆ. ನನ್ನ ಪಕ್ಕದ ಇರಾನಿನ ಹೆಂಗಸೊಬ್ಬಳು ಕಂಬಿ ಹಿಡಿದು ಬಿಕ್ಕುತ್ತಿದ್ದಳು.

ಉಮ್ಮ ಇದನ್ನು ತಾಳಿಕೊಳ್ಳಲಾರಳು ಎಂದು ಅವಳ ತೋಳು ಹಿಡಿದುಕೊಂಡೆ. ಉಮ್ಮ ಅಳಲಿಲ್ಲ. ಮದುವೆಗೆ ಹೆಣ್ಣಿನ ಮನೆ ನೋಡಲು ಬಂದವರ ಹಾಗೆ ಈ ತುದಿಯಿಂದ ಆ ತುದಿಯವರೆಗೆ ಸಾವಕಾಶ ನೋಡಿದಳು.

"ಇವರಿಗೇ ಇಷ್ಟು ಸಾಕಾದರೆ ನಮ್ಮ ಅಜ್ಜನಿಗೆ ಏನು ಬೇಸರ" ಎಂದಳು. ಗಾಬರಿಗೆ ಏನೋ ಹೇಳುತ್ತಾಳೆ ಎಂದುಕೊಂಡು ನಾನು ಮಾತು ಬೆಳೆಸಲಿಲ್ಲ.

ಮಧ್ಯಾಹ್ನ ನಾವು ಉಳಿದಿದ್ದ ವಸತಿಗೃಹದ ಕೆಳಗಿನ ಫೋನ್ ಬೂತಿನಿಂದ ಬಂಟ್ವಾಳಕ್ಕೆ ಫೋನ್ ಮಾಡಿದೆ. ಇಬ್ರಾಹಿಂ ಮೊದಲು ಮಕ್ಕಳ ಸುದ್ದಿ ಹೇಳಿದರು, ಆಮೇಲೆ ವಿಷಯಕ್ಕೆ ಬಂದರು.

"ಝುಬೈದಾ, ನಿನ್ನೆ ಕನ್ಯಾನಕ್ಕೆ ಹೋಗಿದ್ದೆ. ಅಜ್ಜನ ಗೋರಿಯ ಮಾಡು ಇಲ್ಲ ಮಾರಾಯ್ತಿ. ಕಟ್ಟೆಯೂ ಇಲ್ಲ. ನೆಲಸಮ. ಹಮೀದ್ ಮೇಸ್ತ್ರಿ ತೆಗೆದದ್ದಂತೆ. ಯಾರು ಹೇಳಿದ್ದು ಅಂತ ಕೇಳಿದರೆ ನಿಮ್ಮ ಮನೆಯವರೇ ಅಂತಾನೆ. ಮತ್ತೆ ಬಾಯಿ ಬಿಡುವುದಿಲ್ಲ."

ಫೋನ್ ಇಟ್ಟದ್ದು ನೆನಪಿದೆ. ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ನನಗೆ ಎಲ್ಲ ಅರ್ಥವಾಗಿಹೋಗಿತ್ತು. ನಮ್ಮಿಬ್ಬರನ್ನೂ ಊರಿನಿಂದ ಆಚೆ ಹಾಕಲೆಂದೇ ವೀಸಾ, ಅದಕ್ಕೇ ಆ ಹಟ, ಅದಕ್ಕೇ ಕುರ್ಚಿ ದೂಡಿದ್ದು. ಕೋಣೆಯಲ್ಲಿ ರಜಾಕ್ ಕಾಗದ ಹಾಸಿ ರೊಟ್ಟಿ ಬಿಡಿಸುತ್ತಿದ್ದ. ಉಮ್ಮ ಮಂಚದ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ನಾನು ಬಾಗಿಲಲ್ಲೇ ಶುರು ಮಾಡಿದೆ. ಶಾಲೆಯಲ್ಲಿ ಇಪ್ಪತ್ತು ವರ್ಷ ಗಂಟಲು ಪಳಗಿಸಿದವಳು ನಾನು. ನೀನು ಗಂಡಸಾದರೆ ನಾವಿರುವಾಗ ಒಡೆಯಬೇಕಿತ್ತು ಎಂದೆ. ತಾಯಿಯನ್ನು ಕಾಬಾದ ಸುತ್ತ ತಿರುಗಿಸುತ್ತ ಅವಳ ಬೆನ್ನ ಹಿಂದೆ ಅವಳ ಮನೆ ಒಡೆಸಿದವನು ಎಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ.

ರಜಾಕನ ಕೈಯ ರೊಟ್ಟಿ ಕೆಳಗೆ ಬಿತ್ತು. "ಅಲ್ಲಾಹನ ಮೇಲಾಣೆ ಅಕ್ಕ. ನನಗೆ ಗೊತ್ತಿಲ್ಲ. ನಾನು ಯಾರಿಗೂ ಹೇಳಲಿಲ್ಲ."

"ನಿಂತ ಊರು ಯಾವುದು ಅಂತ ನೋಡಿ ಆಣೆ ಹಾಕು."

"ಅವನನ್ನು ಯಾಕೆ ಬೈತೀ" ಎಂದಳು ಉಮ್ಮ. ಅವಳ ಕೈ ಕಿತ್ತಳೆಯನ್ನು ಬಿಡಿಸುತ್ತಲೇ ಇತ್ತು. "ಹಮೀದನಿಗೆ ಹೇಳಿ ಬಂದದ್ದು ನಾನು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಬರೆ ಹಾಕಿ ನಿಂತಿದ್ದೆ. ಬಾಗಿಲ ಹತ್ತಿರವೇ ಕೂತೆ. ನನಗಿಂತ ಹೆಚ್ಚು ಬಿಳಿಚಿಕೊಂಡವನು ರಜಾಕ್.

"ದೀಪ ಬೇಡ ಅಂತ ನಾನು ಹೇಳಿದ್ದು ಹೌದು ಉಮ್ಮ" ಎಂದ. "ಆದರೆ ನೀನು… ಮಾಡೂ ತೆಗೆಸಿದೆಯಾ? ನಾನು ಬೈತ್ ಹಾಡಿದ ಜಾಗ ಅದು."

"ಮಾಡು ಇದ್ದರೆ ಜನ ಬರ್ತಾರೆ. ಜನ ಬಂದರೆ ಎಣ್ಣೆ ತರ್ತಾರೆ. ಎಣ್ಣೆ ತಂದರೆ ಬೇಡ ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಒಮ್ಮೆಲೇ ಮುಗಿಯಲಿ ಅಂತ ಹೇಳಿದೆ. ನೋಡಲಿಕ್ಕೆ ಆಗದು ಅಂತ ನಾವು ಹೊರಟ ಮೇಲೆ ತೆಗೆ ಅಂದೆ. ಗೋರಿ ಅಲ್ಲೇ ಉಂಟು, ಅಜ್ಜನನ್ನು ಯಾರೂ ಮುಟ್ಟಲಿಲ್ಲ."

"ನನ್ನನ್ನು ಒಂದು ಮಾತು ಕೇಳಬಾರದಿತ್ತಾ?" ಎಂದೆ.

"ನಿನ್ನನ್ನಾ? ಗುರುವಾರ ಗುರುವಾರ ಬಂಟ್ವಾಳದಿಂದ ಬಸ್ಸಿನಲ್ಲಿ ಬಂದು ನೀನು ದೀಪ ಹಚ್ತಿದ್ದೆಯಾ?" ಎಂದಳು. ಅದರಲ್ಲಿ ಕೊಂಕು ಇರಲಿಲ್ಲ, ನಿಜವಾಗಿ ಕೇಳಿದಳು. ಆಮೇಲೆ ಕಿತ್ತಳೆಯ ತೊಳೆಗಳನ್ನು ಕಾಗದದ ಮೇಲೆ ಸಾಲಾಗಿ ಇಟ್ಟಳು. "ಸತ್ತವರಿಗೆ ದೀಪ ಹಚ್ಚಿದೆ. ಬದುಕಿರುವವನು ಬಿಸ್ಕತ್ತು ತಿಂದುಕೊಂಡು ಹೋದ. ಒಂದು ಸಲ, ಎರಡು ಸಲ ತಾಳಿಕೊಂಡೆ. ನನಗೆ ಇನ್ನು ಎಷ್ಟು ದಿನ ಉಂಟು? ನನ್ನ ಮನೆಯಲ್ಲಿ, ನನ್ನ ಒಲೆಯಲ್ಲಿ ಬೇಯಿಸಿದ್ದನ್ನು ನನ್ನ ಮಗ ಉಣ್ಣಬೇಕು. ಅಷ್ಟೇ. ಅಜ್ಜನ ಹತ್ತಿರ ಎಲ್ಲ ಹೇಳಿ, ಮನ್ನಿಸಿ ಅಂತ ಕೇಳಿಯೇ ಬಂದಿದ್ದೇನೆ."

ಧರ್ಮದ ಬಗ್ಗೆ, ಪಾಪದ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ರಜಾಕ್ ವರ್ಷಗಟ್ಟಲೆ ಗ್ರಂಥ ಹಿಡಿದು ವಾದಿಸಿದ್ದ. ಅವಳನ್ನು ಗೆದ್ದದ್ದು ಅವನ ಬಿಸ್ಕತ್ತು. ಅದು ಅವನಿಗೂ ಆಗ ತಿಳಿಯಿತು ಎಂದು ಕಾಣುತ್ತದೆ, ಎದ್ದು ಹೋಗಿ ಕಿಟಕಿಗೆ ಮುಖ ಮಾಡಿ ನಿಂತ.

ನಾನು ಬಿಡಲಿಲ್ಲ. "ಗಿರಿಜಕ್ಕನಿಗೆ ಏನು ಹೇಳ್ತೀ?" ಎಂದೆ. ಗಿರಿಜಕ್ಕ ಗದ್ದೆಯಾಚೆಯ ಮನೆಯವರು, ಉಮ್ಮನ ಜೊತೆ ದನ ಮೇಯಿಸಿ ಬೆಳೆದವರು. ಅವರ ಮಗಳಿಗೆ ಎರಡು ಸಲ ಬಸಿರು ನಿಲ್ಲದೆ ಹೋದ ಮೇಲೆ, ಈ ಸಲ ಮಗು ಉಳಿದರೆ ಎಣ್ಣೆ, ಕೋಳಿ ಒಪ್ಪಿಸುತ್ತೇನೆ ಎಂದು ಅಜ್ಜನಿಗೆ ಹೇಳಿಕೊಂಡಿದ್ದರು. ಹೆರಿಗೆಗೆಂದು ನೆರಿಯದಲ್ಲಿರುವ ಮಗಳ ಮನೆಗೆ ನಮಗಿಂತ ಮೊದಲೇ ಹೋಗಿದ್ದರು.

"ಗಿರಿಜನಿಗೆ ನಾನು ಹೇಳ್ತೇನೆ. ಅವಳಿಗೂ ಮಕ್ಕಳು ಉಂಟು, ಅರ್ಥ ಆಗ್ತದೆ" ಎಂದಳು ಉಮ್ಮ. ಎಷ್ಟು ಖಚಿತವಾಗಿ ಹೇಳಿದಳೆಂದರೆ ನಾನೂ ನಂಬಿದೆ.

ಕನ್ಯಾನ

ರಜಾಕನ ರಜೆ ಶುರುವಾಗಿತ್ತು, ಮೂವರೂ ಒಟ್ಟಿಗೆ ಬಂದೆವು. ಅವನು ಉಳ್ಳಾಲಕ್ಕೆ ಹೋದ. ಗುರುವಾರ ಮಧ್ಯಾಹ್ನ ಕನ್ಯಾನಕ್ಕೆ ಊಟಕ್ಕೆ ಬರುವುದೆಂದು ಮಾತಾಯಿತು. ದಿನ ಆರಿಸಿದ್ದು ಉಮ್ಮ. ನಾನು ಹಿಂದಿನ ದಿನವೇ ಹೋಗಿ ಹಿತ್ತಲು ನೋಡಿದೆ. ಇಷ್ಟು ಚಿಕ್ಕ ಜಾಗವಾ ಅದು ಎನಿಸಿತು. ಕಟ್ಟೆಯ ಮುರಕಲ್ಲುಗಳನ್ನು ದನದ ಹಟ್ಟಿಯ ಬದಿಗೆ ಒಟ್ಟಿದ್ದರು. ಹಂಚುಗಳನ್ನು ಒಡೆಯದೆ ಜೋಡಿಸಿದ್ದರು. ಮಣ್ಣನ್ನು ಸಮ ಮಾಡಿ ಗುಡಿಸಿದ್ದರು, ಗುಡಿಸಿದ ಗೆರೆ ಇನ್ನೂ ಇತ್ತು. ನಾನು ಅಲ್ಲಿ ಎಂದೂ ಭಕ್ತಿಯಿಂದ ನಿಂತವಳಲ್ಲ. ಆದರೂ ಕಾಲಿಡಲು ಧೈರ್ಯ ಬರಲಿಲ್ಲ, ಸುತ್ತು ಹಾಕಿ ಬಂದೆ.

ಗುರುವಾರ ಉಮ್ಮ ಬೆಳಗ್ಗೆಯಿಂದ ಒಲೆಯ ಮುಂದೆ. ಹಳೆಯ ಎಣ್ಣೆಯ ಭರಣಿ, ಅಕ್ಕಿಯ ಮಡಕೆ ಎಲ್ಲ ತೊಳೆದು ಬಿಸಿಲಿಗೆ ಇಟ್ಟಿದ್ದಳು. ತುಪ್ಪದ ಅನ್ನ, ಕೋಳಿಸಾರು, ಅಕ್ಕಿಯ ಪತ್ತಿರಿ ರೊಟ್ಟಿ. ರಜಾಕ್ ಬಂದ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಇರಲಿಲ್ಲ. ಚಾಪೆಯ ಮೇಲೆ ಕೂತು ಬಿಸ್ಮಿ ಹೇಳಿ ಮೊದಲ ತುತ್ತು ಬಾಯಿಗಿಟ್ಟಾಗ ಉಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನನ್ನ ಕಣ್ಣೂ ತುಂಬಿತು. ಆಗಲಿ, ಇದಕ್ಕಾದರೂ ಆಯಿತಲ್ಲ ಎಂದುಕೊಂಡೆ.

ಹಿತ್ತಲಿನಲ್ಲಿ ಕೋಳಿ ಕೂಗಿದ ಸದ್ದು. ನಾನೂ ಉಮ್ಮನೂ ಹೊರಗೆ ಹೋದೆವು. ಗಿರಿಜಕ್ಕ. ಕಂಕುಳಲ್ಲಿ ಕಾಲು ಕಟ್ಟಿದ ಹುಂಜ, ಕೈಯಲ್ಲಿ ಎಣ್ಣೆಯ ಬಾಟಲಿ. ನೆರಿಯದಿಂದ ಬಸ್ಸಿಳಿದವರು ಮನೆಗೂ ಹೋಗದೆ ಗದ್ದೆಯ ಬದುವಿನ ಹುಣಿಯಲ್ಲಿ ಸೀದಾ ಬಂದಿದ್ದರು. ಸಮ ಮಾಡಿದ ಮಣ್ಣಿನ ಅಂಚಿನಲ್ಲಿ ನಿಂತಿದ್ದರು.

"ಐಸಮ್ಮ, ಗಂಡು ಮಗು" ಎಂದರು. ಮುಖದ ಸಂತೋಷ ಇನ್ನೂ ಹೋಗಿರಲಿಲ್ಲ, ಹೋಗುತ್ತಾ ಇತ್ತು. "ಇದೇನು ಇದು? ಮರ ಬಿತ್ತಾ?"

"ಮರ ಅಲ್ಲ ಗಿರಿಜ. ನಾನೇ ತೆಗೆಸಿದ್ದು."

"ಯಾಕೆ?"

ಮದೀನಾದಲ್ಲಿ ನಮಗೆ ಅಷ್ಟು ಹೇಳಿದ ಉಮ್ಮ ಇಲ್ಲಿ ಅಡುಗೆಮನೆಯ ಬಾಗಿಲಿನ ಕಡೆ ನೋಡಿದಳು. "ಮಗ ಬಂದಿದ್ದಾನೆ. ಉಣ್ತಾ ಇದ್ದಾನೆ" ಎಂದಳು.

ಬಿಸ್ಕತ್ತಿನ ಕಥೆ ಗಿರಿಜಕ್ಕನಿಗೂ ಗೊತ್ತಿದ್ದದ್ದೇ. "ಉಣ್ಣಲಿ" ಎಂದರು. "ನಿನ್ನ ಅಜ್ಜ, ನಿನ್ನ ಕಟ್ಟೆ. ನೀನು ತೆಗೆದರೆ ನಾನು ಕೇಳುವುದು ಏನು ಉಂಟು. ಆದರೆ ನಾನು ಹೇಳಿಕೊಂಡದ್ದು ಉಂಟಲ್ಲ ಐಸಮ್ಮ. ಅವರು ಕೊಟ್ಟರು. ನಾನು ಕೊಡುವುದು ಎಲ್ಲಿ?"

"ಎಣ್ಣೆ ಮನೆಗೆ ಕೊಂಡುಹೋಗು. ಕೋಳಿ ಬಾಣಂತಿಗೆ ಸಾರು ಮಾಡಿ ಹಾಕು. ಮಗುವನ್ನು ದೇವರು ನೋಡ್ತಾನೆ."

"ಹರಕೆಯ ಕೋಳಿಯನ್ನು ಬಾಣಂತಿಗೆ ಹಾಕುವುದಾ? ಹನ್ನೆರಡು ದಿನದ ಮಗು ಅದು. ಏನಾದರೂ ಆದರೆ?" ಅವರಿಗೆ ಸಿಟ್ಟಿರಲಿಲ್ಲ, ಭಯ. ಬಾಟಲಿಯನ್ನು ಮುಂದೆ ಚಾಚಿದರು. "ಬೇರೆ ಏನೂ ಬೇಡ. ನಿನ್ನ ಕೈಯಲ್ಲಿ ತೆಗೆದುಕೋ. ಯಾವಾಗಲೂ ನೀನೇ ತೆಗೆದುಕೊಳ್ಳುವುದಲ್ವಾ. ಮತ್ತೆ ನೀನು ಚೆಲ್ಲು, ನಾನು ಕೇಳುವುದಿಲ್ಲ."

ಉಮ್ಮನ ಕೈ ಮುಂದೆ ಹೋಯಿತು. ನಾನು ನೋಡಿದೆ, ಬೆರಳು ಬಾಟಲಿಗೆ ತಾಗುವುದರಲ್ಲಿತ್ತು.

"ಉಮ್ಮ, ಸ್ವಲ್ಪ ಸಾರು" ಎಂದು ಒಳಗಿನಿಂದ ರಜಾಕ್ ಕರೆದ.

ಕೈ ಹಿಂದೆ ಬಂತು. ಉಮ್ಮ ಅದನ್ನು ಸೆರಗಿನೊಳಗೆ ಸುತ್ತಿಕೊಂಡಳು. "ಆಗುವುದಿಲ್ಲ ಗಿರಿಜ" ಎಂದಳು, ನನಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ.

ಗಿರಿಜಕ್ಕ ಬಗ್ಗಿ ಬಾಟಲಿಯನ್ನು ಆ ಮಣ್ಣಿನ ಮೇಲಿಟ್ಟರು. ಹುಂಜದ ಕಾಲಿನ ಹಗ್ಗ ಬಿಚ್ಚಿ ಅದನ್ನೂ ಅಲ್ಲೇ ಬಿಟ್ಟರು. ನಮ್ಮ ಕಡೆ ಎದ್ದು ಹೊರಡುವವರು ಯಾರಾದರೂ "ಬರ್ತೇನೆ" ಎಂದು ಹೇಳಿಯೇ ಹೋಗುವುದು. ಸಾವಿನ ಮನೆಯಲ್ಲಿ ಮಾತ್ರ ಹೇಳುವುದಿಲ್ಲ. ಅವರು ಹೇಳದೆ ಹುಣಿಯಲ್ಲಿ ನಡೆದುಹೋದರು.

ಉಮ್ಮ ಒಳಗೆ ಹೋದಳು. ನಾನು ಹಿಂದೆಯೇ ಹೋದೆ.

"ಯಾರು ಉಮ್ಮ ಅದು?" ಎಂದು ಕೇಳಿದ ರಜಾಕ್, ಬಟ್ಟಲಿನಿಂದ ತಲೆ ಎತ್ತಿ.

"ಯಾರೂ ಅಲ್ಲ. ನೀನು ಉಣ್ಣು" ಎಂದು ಉಮ್ಮ ಅವನಿಗೆ ಸಾರು ಬಡಿಸಿದಳು.